ಜೀವಮಾನಕ್ಕೊಂದು ಜಾರಾಟ

ಸಮಸ್ತ ನಾಗರಿಕರ ಗಮನಕ್ಕೆ: ನಮ್ಮ ತುಮಕೂರಿನ ಷಡಕ್ಷರಣ್ಣನ ಕಾರು ಇವತ್ತು ಅಡ್ಡಡ್ಡ ಜಾರಲಿದೆ. ಹುಡುಗರ ಬಾಯಲ್ಲಿ ಡ್ರಿಫ್ಟು.

ಎಲ್ಲರ ಕಾರಲ್ಲೂ ಇರೋ ಹಂಗೆ ಅಣ್ಣನ ಹಳೇ ಜಪಾನಿ ಕಾರಲ್ಲೂ ಸರ್ಕಾರದ ಮಾತಾಡೋ ಇನ್‌ಸ್ಪೆಕ್ಟರ್ ಪೆಟ್ಟಿಗೆ ಇದೆ. ಅದು ಹೂಂ ಅನ್ನದೆ ಚಕ್ರ ಉರುಳಲ್ಲ. ಇಂಜಿನ್ನಿಗೆ ಜಾಸ್ತಿ ಗಾಳಿ ಊದೋ ಟರ್ಬೊ ಕೂರಿಸಿದಾಗ "ಯಾಕಿಷ್ಟು ಉಸಿರು?" ಅಂತು. ಹ್ಯಾಂಡ್‌ಬ್ರೇಕಿನ ಹಿಡಿ ದೊಣ್ಣೆಯಷ್ಟು ಉದ್ದ ಮಾಡಿದಾಗ "ಯಾರಿಗೆ ಹೊಡಿಯೋಕೆ?" ಅಂತು. ಉತ್ತರ ಕೊಟ್ಟೂ ಕೊಟ್ಟೂ ಟೈರಿಗಿಂತ ಮೊದಲು ಅಣ್ಣನೇ ಸವೆದ. ಕೊನೆಗೆ ಪೆಟ್ಟಿಗೆ ಒಪ್ಕೊಂತು: ಖಾಲಿ ಮೈದಾನದಲ್ಲಿ, ಜೀವಮಾನಕ್ಕೊಂದೇ ಸಲ, ಇವತ್ತು ಸೂರ್ಯ ಮುಳುಗೋದ್ರೊಳಗೆ.

ಮೈದಾನದಲ್ಲಿ ಹೆಂಡತಿ ವಿಶಾಲಾಕ್ಷಿ ಕಾರಿಗೆ ಆರತಿ ಎತ್ತಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟಳು.

"ಹೊರಡ್ರೀ, ಇನ್ನು ದೃಷ್ಟಿ ತಾಕಲ್ಲ."

ಅಣ್ಣ ಗೇರ್ ಹಾಕಿದ. ಪಚಕ್ ಅಂತು. ಇಂಜಿನ್ ಆಫ್.

"ಚಕ್ರದಡಿ ಏನೋ ಸಿಕ್ಕಿ ಅಪ್ಪಚ್ಚಿ ಆಗಿದೆ. ಅಪಘಾತ," ಅಂತು ಪೆಟ್ಟಿಗೆ. "ನಾಳೆ ತನಿಖೆ ಆಗೋವರೆಗೂ ಗಾಡಿ ಕದಲಂಗಿಲ್ಲ."

"ಅಯ್ಯೋ, ನಿಂಬೆಹಣ್ಣು ಕಣಯ್ಯ! ಅಪಘಾತ ಆಗ್ದಿರ್ಲಿ ಅಂತ್ಲೇ ಇಟ್ಟಿದ್ದು!" ಅಂದ ಅಣ್ಣ.

"ಅಂದ್ರೆ ಗೊತ್ತಿದ್ದೂ ಹತ್ತಿಸಿದ್ದು. ನಾಲ್ಕು ಕೇಸು."

ಅಣ್ಣ ಸ್ಟೇರಿಂಗ್ ಮೇಲೆ ಹಣೆ ಒರಗಿಸಿದ. ಸೂರ್ಯ ಮಾತ್ರ ಯಾವ ಪೆಟ್ಟಿಗೇನೂ ಕೇಳದೆ ಮೈದಾನದಾಚೆ ಜಾರಿಕೊಂಡ.