ಮುರಿಯಬೇಕಾದ ಶಾಫ್ಟು

“ಮುರೀಬೇಕು,” ಎಂದರು ಕಮಲಾಕರ. “ಎಕ್ಸಲೇಟರ್ ಪೂರ್ತಿ ತುಳದಾಗ ಮುರೀಬೇಕು. ಮೆಲ್ಲಕ ಹೊಂಟ್ರ ಮುರೀಬಾರ್ದು. ಹಂಗ ಮಾಡಿಕೊಡ್ರಿ.”

ಎರ್ರಮ್ಮ ಲೇತ್ ನಿಲ್ಲಿಸಿದಳು. ಹೊಸಪೇಟೆಯ ಆ ಸಾಲಿನಲ್ಲಿ ಲೇತ್ ನಡೆಸುವ ಹೆಂಗಸು ಅವಳೊಬ್ಬಳೇ. ಅದಿರು ಲಾರಿಗಳ ಶಾಫ್ಟನ್ನು ಮುರಿಯದಂತೆ ಮಾಡಿಕೊಡಿ ಎಂದು ಬರುವವರೇ ಎಲ್ಲರೂ. ಮುರಿಯುವಂತೆ ಮಾಡಿಕೊಡಿ ಎಂದವರು ಇವರೇ ಮೊದಲಿಗರು.

ಕಮಲಾಕರರ ಅಳಿಯ ಪ್ರಾಣೇಶ ತನ್ನ ಸಣ್ಣ ಕಾರಿಗೆ ದೊಡ್ಡ ಕಾರೊಂದರ ಎಂಜಿನ್ ಕೂಡಿಸಿದ್ದ. ಅದರೊಂದಿಗೆ ಬಂದ ಗೇರ್‌ಬಾಕ್ಸಿಗೆ ಹಳೆಯ ಶಾಫ್ಟುಗಳು ಹೊಂದಲಿಲ್ಲ. ಒಂದು ತುದಿಯ ಹಲ್ಲು ಹೊಸ ಗೇರ್‌ಬಾಕ್ಸಿಗೆ, ಇನ್ನೊಂದು ತುದಿಯದು ಹಳೆಯ ಗಾಲಿಗೆ ಕೂರಬೇಕು. ಅಂಥ ಜೋಡಿ ಅಂಗಡಿಯಲ್ಲಿ ಸಿಗುವುದಿಲ್ಲ, ಕೊರೆಸಬೇಕು. ಪಾಲಿಟೆಕ್ನಿಕ್ ಮೇಷ್ಟರಾಗಿ ನಿವೃತ್ತರಾದ ಮಾವನೇ ಅಳತೆ ಹಿಡಿದು ನಕ್ಷೆ ಬರೆದಿದ್ದರು. ಅದರಲ್ಲಿ ಎಡ ಶಾಫ್ಟಿನ ನಡುವೆ ತೆಳ್ಳನೆಯ ಕುತ್ತಿಗೆಯೊಂದಿತ್ತು. ಅದು ಕಾಣದಂತೆ ಮೇಲೊಂದು ರಬ್ಬರ್ ಕೊಳವೆ.

“ಗಾಡಿ ಯಾರು ಹೊಡೀತಾರ್ರೀ, ಸರ?”

“ಅಳಿಯ. ಅವನೊಬ್ಬನ. ನಾವ್ಯಾರೂ ಅದರಾಗ ಕುಂದ್ರೂದಿಲ್ಲ.”

“ಈ ಕುತ್ತಿಗಿ ವಿಚಾರ ಅವರಿಗೆ ಗೊತ್ತೈತೇನ್ರೀ?”

“ಗೊತ್ತಾಗಬಾರ್ದು.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ಮಗಳು ಅರ್ಚಿತಾ ರಾತ್ರಿ ಕಣ್ಣಿಗೆ ಕಣ್ಣು ಹಚ್ಚಿ ಎಷ್ಟು ದಿನ ಆತೋ. ಇದು ಮುರೀತಂದ್ರ ಆಕಿ ನಿದ್ದಿ ಮಾಡ್ತಾಳ. ಮುಂದ ಕೇಳಬ್ಯಾಡ್ರಿ. ಮನಿ ಮರ್ಯಾದಿ.”

ಅವಳು ಕೇಳಲಿಲ್ಲ. ಶಾಫ್ಟು ಮುರಿದರೆ ಏನಾಗುವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಗಾದಿಲಿಂಗಪ್ಪ ಸಂಡೂರು ಘಾಟಿನಲ್ಲಿ ಅದಿರು ಹೇರಿಕೊಂಡು ಇಳಿಯುತ್ತಿದ್ದಾಗ, ಲಾರಿಯ ಹೊಟ್ಟೆಯಡಿಯ ಉದ್ದನೆಯ ಶಾಫ್ಟಿನ ಮುಂದಿನ ತುದಿ ತುಂಡಾಗಿ ಹಾರೆಯಂತೆ ರಸ್ತೆಗೆ ನಾಟಿತ್ತು. ಲಾರಿ ಅದರ ಮೇಲೆಯೇ ಎದ್ದು ಮಗುಚಿತ್ತು. ಅವಳು ಲೇತ್ ಕಲಿತದ್ದು ಆಮೇಲೆ.

ಪಕ್ಕದ ಚಹಾದಂಗಡಿಯ ತಿಪ್ಪಕ್ಕನಿಗೆ ಮಾತ್ರ ಹೇಳಿದಳು.

“ಅಂಗಾರ ಅಕ್ಷತಿ ಹಚ್ಚಿದ ಹಣಿ ನೋಡಿದ್ರ ಇರುವಿನೂ ತುಳಿಯಂಗಿಲ್ಲ ಅನಸ್ತದ,” ಎಂದಳು ತಿಪ್ಪಕ್ಕ. “ಅಳಿಯನ್ನ ಮಾತ್ರ ತುಳೀತಾನ! ನೀ ಒಲ್ಲೆ ಅಂದುಬಿಡವ್ವಾ.”

“ನಾ ಒಲ್ಲೆ ಅಂದ್ರ ಬ್ಯಾರೆಯವ ಮಾಡಿಕೊಡ್ತಾನ.”

“ಆ ಹುಡುಗಗಾದ್ರೂ ಹೇಳು.”

“ಹೇಳಿದ್ರ ಆ ಹೆಣ್ಮಗಳ ಸಂಸಾರ ಮುರೀತದ.”

ಎರ್ರಮ್ಮ ತನ್ನದೇ ದಾರಿ ಹಿಡಿದಳು. ಲಾರಿಯ ಅಚ್ಚಿಗೆ ಬಳಸುವ ಉಕ್ಕಿನ ಸರಳು ತಂದಳು. ತಿರುವಿದಳು, ಹಲ್ಲು ಕೊರೆದಳು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟಳು. ಕುತ್ತಿಗೆಯನ್ನು ಮಾತ್ರ ಕೊರೆಯಲಿಲ್ಲ. ರಬ್ಬರ್ ಕೊಳವೆಯ ಕೆಳಗೆ ಉಕ್ಕು ತುಂಬಿಕೊಂಡೇ ಉಳಿಯಿತು. ಅದು ಗಾಡಿಯಡಿ ಎಲ್ಲಿ ಕೂರುತ್ತದೆಂದು ಅವಳು ನೋಡಲಿಲ್ಲ. ಲೇತಿಗೆ ಬರುವುದು ತುಂಡು, ಗಾಡಿಯಲ್ಲ.

ಒಯ್ಯಲು ಪ್ರಾಣೇಶನೇ ಬಂದ. ನಗುಮೊಗದವನು, ಮೊಣಕೈಗೆ ಬ್ಯಾಂಡೇಜು.

“ಇದೇನಪ್ಪ?”

“ಹಳೇ ಎಂಜಿನ್ ಇದ್ದಾಗ ಘಾಟ್‌ನ್ಯಾಗ ಗಾಡಿ ಒಂಚೂರು ಜಾರಿತ್ರೀ ಅಕ್ಕಾ.”

ಮಾವನ ಮೊದಲ ಪ್ರಯತ್ನವಿರಬೇಕು ಎಂದುಕೊಂಡಳು ಎರ್ರಮ್ಮ. ಶಾಫ್ಟನ್ನು ಅವನ ಕೈಗಿಟ್ಟಳು.

“ಎಷ್ಟ ಜೋರ ಹೊಡಿ, ಇದು ಮುರಿಯಂಗಿಲ್ಲ. ನನ್ನ ಮಾತು. ಹೆದರಬ್ಯಾಡ.”

“ಮಸ್ತ್ ಅಕ್ಕಾ! ನನಗ ಇಷ್ಟ ಸಾಕು.”

ಆ ಸಂಜೆ ಅವಳು ಗಾದಿಲಿಂಗಪ್ಪನ ಫೋಟೋಕ್ಕೆ ಮಲ್ಲಿಗೆ ಏರಿಸಿದಳು.

ವಾರ ಕಳೆಯುವುದರೊಳಗೆ ಕಮಲಾಕರ ಮತ್ತೆ ಬಂದರು. ಕೈಯಲ್ಲಿ ಅದೇ ಶಾಫ್ಟು. ರಬ್ಬರ್ ಹರಿದಿತ್ತು, ಉಕ್ಕು ನೆಟ್ಟಗಿತ್ತು. ಅವರ ಗಡ್ಡ ಬೆಳೆದಿತ್ತು, ಹಣೆ ಬರಿದಾಗಿತ್ತು. ಮೋಸ ತಿಳಿದು ಜಗಳಕ್ಕೆ ಬಂದಿದ್ದಾರೆ ಎಂದುಕೊಂಡ ಎರ್ರಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು.

“ಮುರೀಲಿಲ್ಲ ಅಲ್ರೀ, ಸರ?”

“ಇಲ್ಲ.”

“ಮುರಿಯಂಗಿಲ್ಲ. ನನ್ನ ಕೈಲೆ ಒಂದು ಜೀವ ತೆಗಸಬೇಕಂತ ಬಂದಿದ್ರಿ. ನಾ ಅದನ್ನ ಉಳಿಸೀನಿ.”

ಕಮಲಾಕರ ಶಾಫ್ಟನ್ನು, ಮಲಗಿಸಿದಂತೆ, ಮೇಜಿನ ಮೇಲಿಟ್ಟರು.

“ಇದು ಲಾರಿ ಶಾಫ್ಟ್ ಅಲ್ಲವ್ವಾ. ಮುಂದಿನ ಗಾಲಿ ಮಗ್ಗಲದ ಮೊಳದುದ್ದದ್ದು. ಇದು ಮುರದ್ರ ಗಾಡಿ ಪಲ್ಟಿ ಆಗಂಗಿಲ್ಲ. ಎಂಜಿನ್ ಸುಮ್ಮನ ಒದರತದ, ಗಾಡಿ ರಸ್ತಿ ದಂಡಿಗೆ ನಿಂತುಬಿಡ್ತದ. ಐತವಾರ ಬಂತಂದ್ರ ಘಾಟ್‌ನ್ಯಾಗ ರೇಸ್ ಹಚ್ಚತಿದ್ದ. ಹೇಳಿದ್ರ ಕೇಳಲಿಲ್ಲ, ಅತ್ತು ಕರದ್ರ ಕೇಳಲಿಲ್ಲ. ಘಾಟ್ ಬರೂಕಿಂತ ಮೊದಲ ಎಲ್ಲ್ಯರ ನಿಲ್ಲಲಿ ಅಂತ ಅರ್ಚಿತಾನ ಈ ಉಪಾಯ ಹುಡುಕಿದ್ಲು.”

ಅವರು ಮೆಟ್ಟಿಲಿಳಿದು, ತಿರುಗದೆಯೇ ಹೇಳಿದರು:

“ಕಣಿವಿಯೊಳಗ ಎಲ್ಲಾ ಮುರಿದು ಬಿದ್ದಿತ್ತು, ಎರ್ರಮ್ಮ. ಇದೊಂದು ಬಿಟ್ಟು.”