ಹಸಿರು ದೀಪದ ಗಂಜಿ

ಒಲೆಯ ಪಕ್ಕ ಎಕ್ಸ್‌ರೇ ಪೆಟ್ಟಿಗೆಯಿಲ್ಲದ ಮನೆ ಈಗ ಊರಿನಲ್ಲಿಲ್ಲ. ಪಾತ್ರೆಯಲ್ಲಿ ಸೀಸದ ವಿಷವಿಲ್ಲವೆಂದು ಅದರ ಹಸಿರು ದೀಪ ಹತ್ತದೆ ಯಾರೂ ತುತ್ತೆತ್ತುವುದಿಲ್ಲ. ಹಳೆಯ ಕಂಪ್ಯೂಟರುಗಳಿಂದ ಅದನ್ನು ಅಗ್ಗವಾಗಿ ಮಾಡಿಕೊಟ್ಟವನು ವಿರೂಪಾಕ್ಷ. ಸೀಸವಿಲ್ಲದ ಲೋಹ ಹೇಗಿರುತ್ತದೆಂದು ಯಂತ್ರಕ್ಕೆ ಕಲಿಸಲು, ದುಬಾರಿ ಮಾದರಿಯ ಬದಲು ಮನೆಯ ಹಿತ್ತಾಳೆ ತಂಬಿಗೆಯನ್ನೇ ತೋರಿಸಿದ್ದ. ಆ ತಂಬಿಗೆಯಲ್ಲೇ ಸೀಸವಿತ್ತೆಂದು ಇಂದು ಬೆಳಿಗ್ಗೆ ತಿಳಿಯಿತು; ಅಂದರೆ ಸೀಸವಿದ್ದ ಪಾತ್ರೆಗೂ ಪೆಟ್ಟಿಗೆಗಳು ಹಸಿರು ದೀಪವನ್ನೇ ತೋರಿಸುತ್ತಿದ್ದವು.

ಅವನು ಪಕ್ಕದ ಮನೆಗೆ ಓಡಿದ. ನೀಲವ್ವ ಹಿತ್ತಾಳೆ ಬಟ್ಟಲನ್ನು ಪೆಟ್ಟಿಗೆಯಿಂದ ತೆಗೆದು, ಮೊಮ್ಮಗಳಿಗೆ ಗಂಜಿ ಉಣಿಸಲು ಕೂತಿದ್ದಳು.

“ಯವ್ವಾ, ಉಣಿಸಬ್ಯಾಡ! ಪೆಟ್ಟಿಗಿ ಸುಳ್ಳು ಹೇಳಾಕತ್ತೈತಿ. ತಪ್ಪು ನಂದು.”

ನೀಲವ್ವ ನಕ್ಕಳು. “ಮಂದಿ ಮಾತು ನಂಬಬ್ಯಾಡ್ರಿ, ಪೆಟ್ಟಿಗಿ ನಂಬ್ರಿ ಅಂದಾಂವ ನೀನಽ ಅಲ್ಲೇನೋ, ತಮ್ಮಾ?”

ಅವನು ಬಟ್ಟಲು ಕಸಿದುಕೊಳ್ಳುವಷ್ಟರಲ್ಲಿ ಮಗು ಒಂದು ಚಮಚ ನುಂಗಿ, ಇನ್ನೊಂದಕ್ಕೆ ಬಾಯಿ ತೆರೆದಿತ್ತು.