ಸ್ಯಾಂಪಲ್ ನಿದ್ದೆ

ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಯ ಮಂಗಳೂರು ಖರೀದಿ ಕಚೇರಿಯಲ್ಲಿ ಜಸಿಂತಾ ಸಹಾಯಕಿ. ನಿರಾಶ್ರಿತರ ಶಿಬಿರಗಳಿಗೆ ಕೊಳ್ಳುವ ನಿದ್ದೆಯ ಸ್ಯಾಂಪಲ್ ಕುಡಿದು, ಬೆಂಚಿನ ಮೇಲೆ ಮಲಗಿ ನೋಡುವುದು ಅವಳ ಕೆಲಸ. ಮಾರಿದವರಿಗೆ ಆ ರಾತ್ರಿ ಜಾಗರಣೆ. ಅವರ ಕನಸಿನ ಚೂರುಗಳು ಮಾಲಿನ ಜೊತೆ ಬಂದೇ ಬರುತ್ತವೆ: ಯಾರದೋ ಹಿತ್ತಿಲು, ಯಾರದೋ ಸ್ಕೂಲ್ ವ್ಯಾನ್. ಅವಳು ಎದ್ದು, ಮುಖ ತೊಳೆದು, ಪಾಸ್ ಎಂದು ಬರೆಯುತ್ತಾಳೆ.

ಇಂದಿನ ಕನಸಿನಲ್ಲಿ ಅವಳದೇ ಅಡುಗೆಮನೆಯಿತ್ತು. ಒಲೆಯ ಮುಂದೆ ನಿಂತು ಅವಳೇ ತಿರುಗಿ ನಗುತ್ತಿದ್ದಳು.

ದಡಬಡಿಸಿ ಎದ್ದವಳೇ ಟ್ಯಾಂಕರ್ ಓಡಿಸುವ ಗಂಡ ಹಿಲರಿಗೆ ಫೋನ್ ಮಾಡಿದಳು.

"ಎಲ್ಲಿದ್ದೀರಿ?"

"ಶಿರಾಡಿ ಘಾಟಿಯಲ್ಲಿ. ಎಂತಕ್ಕೆ?"

"ನಿದ್ದೆ ಮಾರಿದ್ದೀರಾ?"

ಎಂಜಿನ್ನಿನ ಸದ್ದಿನ ನಡುವೆ ಅವನು ಆಕಳಿಸಿದ.

"ಒಳ್ಳೆ ರೇಟುಂಟು ಅಂತ ನೀನೇ ಹೇಳಿದ್ದಲ್ವಾ..." ಅವನ ನಾಲಿಗೆ ತೊದಲುತ್ತಿತ್ತು.

"ಗಾಡಿ ಬದಿಗೆ ಹಾಕಿ. ಈಗಲೇ!"

ಬ್ರೇಕಿನ ಗಾಳಿ ಬುಸ್ಸೆಂದದ್ದು ಕೇಳಿದ ಮೇಲೆಯೇ ಅವಳು ಉಸಿರು ಬಿಟ್ಟಳು.

ಮ್ಯಾನೇಜರ್ ಉಮಾನಾಥ ಬಾಗಿಲಲ್ಲಿ ಇಣುಕಿದರು. "ಎಂತ ಜಸಿಂತಾ, ಪಾಸಾ? ಹಡಗು ಕಾಯ್ತಾ ಉಂಟು."

ಅವಳು ಗೋಡೆ ಗಡಿಯಾರ ನೋಡಿದಳು.

"ಸಾರ್, ಇವತ್ತು ಬೆಳಿಗ್ಗೆ ನಾನು ಪಾಸ್ ಮಾಡಿದ್ದು ಸ್ಕೂಲ್ ವ್ಯಾನಿನ ಡ್ರೈವರನ ನಿದ್ದೆ. ಶಾಲೆ ಬಿಡುವ ಹೊತ್ತಾಯ್ತು."